ಗಿರಣಿ ಕಟ್ಟೆಯ ಸುಭದ್ರಾಬಾಯಿ

ಸುಭದ್ರಾಬಾಯಿ ಯಾವಾಗಲೂ ಆಗದೇ ಉಳಿದ ಕೆಲಸದಿಂದಲೇ ಮಾತು ಶುರು ಮಾಡುತ್ತಿದ್ದರು. ಭಾನುವಾರ ಬೆಳಗ್ಗೆ ಗಲ್ಲಿಯ ನಳಗಳಲ್ಲಿ ನೀರು ನಿಂತು, ಗಂಡಸರು ಪೇಪರು ಮಡಿಚಿಟ್ಟು ಎರಡನೆಯ ಚಹಾಕ್ಕೆ ಕಾಯುವ ಹೊತ್ತಿಗೆ ಅವರು ಮನೆಯಿಂದ ಹೊರಬೀಳುತ್ತಿದ್ದರು. ಹೊಲಿಗೆ ಅರ್ಧಕ್ಕೆ ಬಿಟ್ಟು ಬಂದಿದ್ದಕ್ಕೆ ಕೊರಳಲ್ಲಿ ಅಳತೆಯ ಟೇಪು ಹಾಗೇ ಜೋತಾಡುತ್ತಿರುತ್ತಿತ್ತು. ರಜೆಯೆಂದು ಬಾಗಿಲು ಹಾಕಿದ್ದ ಹಿಟ್ಟಿನ ಗಿರಣಿಯ ಕಟ್ಟೆ ಹತ್ತಿ, ಸೆರಗನ್ನು ಎರಡೂ ಭುಜದ ಮೇಲೆ ಎಳೆದುಕೊಂಡು, ಒಮ್ಮೆ ಕೆಮ್ಮಿ, "ಈ ವಾರ ಏನೇನ್ ಆಗಿಲ್ಲ ಅಂಬೋದು ಮೊದ್ಲ ಹೇಳಿಬಿಡ್ತೀನ್ರಿ" ಅನ್ನುತ್ತಿದ್ದರು. ಆಗದೇ ಇದ್ದದ್ದು ಯಾವಾಗಲೂ ಜಾಸ್ತಿಯೇ. ಆದದ್ದನ್ನು ಕೊನೆಗೆ, ಕಟ್ಟೆ ಇಳಿಯುತ್ತ ಇಳಿಯುತ್ತ, ಏನೋ ಮರೆತಿದ್ದವರ ಹಾಗೆ ಹೇಳಿ ಮನೆ ಕಡೆ ನಡೆದುಬಿಡುತ್ತಿದ್ದರು.

ಅವರು ನಮ್ಮ ವಾರ್ಡಿನ ಕಾರ್ಪೊರೇಟರು. ಹೈದರಾಬಾದ್ ಇನ್ನೂ ಇಡೀ ಆಂಧ್ರಪ್ರದೇಶಕ್ಕೆ ರಾಜಧಾನಿಯಾಗಿದ್ದ ಕಾಲ. ಕೋಠಿಯ ಬಟ್ಟೆ ಅಂಗಡಿಗಳ ಹಿಂದುಗಡೆ ನಮ್ಮ ಗಲ್ಲಿ. ಎರಡೂ ಕಡೆ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು, ನಡುವೆ ಒಂದು ಆಟೋ ಹೋದರೆ ಎದುರಿಗೆ ಬಂದ ಸೈಕಲ್ಲಿನವನು ಇಳಿದು ಗೋಡೆಗೆ ಒರಗಬೇಕು. ನಾನು ಮದುವೆಯಾಗಿ ಗದಗಿನಿಂದ ಬಂದಿಳಿದದ್ದು ಈ ಗಲ್ಲಿಗೆ. ನಮ್ಮ ಮನೆಯವರಿಗೆ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಕೆಲಸ. ನಸುಕಿನಲ್ಲಿ ಫ್ಯಾಕ್ಟರಿ ಬಸ್ಸು ಹಿಡಿದರೆ ಮನೆಗೆ ಬರುವುದು ದೀಪ ಹಚ್ಚಿದ ಮೇಲೆ. ಅಲ್ಲಿಯವರೆಗೆ ನಾನು, ನಾಲ್ಕು ಗೋಡೆ, ಮತ್ತು ಹೊರಗೆ ನನಗೆ ಒಂದಕ್ಷರವೂ ತಿಳಿಯದ ತೆಲುಗು, ಉರ್ದು. ತರಕಾರಿಯವನ ಹತ್ತಿರ ಬೆರಳು ತೋರಿಸಿ ಬದನೆಕಾಯಿ ತರುತ್ತಿದ್ದೆ. ಊರಿಂದ ಬಂದ ಹೊಸದರಲ್ಲಿ ಅತ್ತದ್ದು ತವರಿನ ನೆನಪಿಗಿಂತ ಹೆಚ್ಚಾಗಿ ಬಾಯಿ ಕಟ್ಟಿದ್ದಕ್ಕೆ.

ಒಂದು ಭಾನುವಾರ ಚಪಾತಿ ಹಿಟ್ಟು ನಾದುತ್ತಿದ್ದೆ. ಹೊರಗೆ ಯಾರೋ ಹೆಂಗಸು ಜೋರಾಗಿ "ರೇಪು ನೀಳ್ಳು ರಾವಂಟ" ಅಂದದ್ದು ಕೇಳಿತು. ಆಮೇಲೆ ಅದೇ ದನಿ, "ಕಲ್ ಪಾನೀ ನೈ ಆತಾ ಕತೇ" ಅಂದಿತು. ಅದರ ಬೆನ್ನಿಗೇ, "ನಾಳೆ ನೀರ ಬರಂಗಿಲ್ಲಂತ." ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿದೆ. ಕಟ್ಟೆಯ ಮೇಲೆ ಕಪ್ಪಗೆ, ಗಟ್ಟಿಮುಟ್ಟಾಗಿ, ಹಣೆಯಲ್ಲಿ ದೊಡ್ಡ ಕುಂಕುಮವಿಟ್ಟ ಹೆಂಗಸೊಬ್ಬರು ನಿಂತಿದ್ದರು. ಮಾತು ಮುಗಿಸಿ ಇಳಿಯುವಾಗ ನನ್ನ ಕಡೆ ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ, ನೆಟ್ಟಗೆ ಬಾಗಿಲಿಗೇ ಬಂದು ಯಾವೂರೆಂದು ಕೇಳಿದರು. ಗದಗ ಅಂದೆ.

"ಹಂಗಾರ ನೀ 'ಐತಿ' ಅಂಬಾಕಿ. ನಾ ಬಸವಕಲ್ಯಾಣದಾಕಿ, 'ಅದ' ಅಂತೀನಿ. ನಡೀತದ ಬಿಡು ತಂಗಿ. ನೀರ ತುಂಬಿಟ್ಟೀಯೇನು?"

ತುಂಬಿಟ್ಟಿರಲಿಲ್ಲ. ತಾವೇ ತಮ್ಮ ಮನೆಗೆ ಹೋಗಿ ಎರಡು ಕೊಡ ನೀರು ತಂದು ನಮ್ಮ ಹಂಡೆಗೆ ಸುರಿದು ಹೋದರು. ಅವತ್ತಿನಿಂದ ಅವರು ನನಗೆ ಅಕ್ಕಾರು. ನನ್ನ ತೆಲುಗು, ಆ ಊರಿನ ದಖನಿ ಉರ್ದು ಎರಡೂ ಆ ಕಟ್ಟೆಯ ಮುಂದೆ ಕಲಿತದ್ದೇ. ಒಂದೇ ಸುದ್ದಿಯನ್ನು ಅವರು ಮೂರು ಸಲ ಹೇಳುತ್ತಿದ್ದರು. ಕನ್ನಡದಲ್ಲಿ ಕೊನೆಗೆ ತಿಳಿದದ್ದನ್ನು ಮನಸ್ಸಿನಲ್ಲೇ ಹಿಂದಕ್ಕೆ ಒಯ್ದು ಮೊದಲೆರಡಕ್ಕೆ ಹೊಂದಿಸಿಕೊಳ್ಳುತ್ತಿದ್ದೆ. ಹಾಗಾಗಿ ನಾನು ಮೊದಲು ಕಲಿತ ತೆಲುಗು ಮಾತುಗಳೆಲ್ಲ ನೀರು, ಗಟಾರ, ಕರೆಂಟು, ಕಸದ ಗಾಡಿಗೆ ಸಂಬಂಧಪಟ್ಟವು.

ಅವರ ಯಜಮಾನರು ವಿಠ್ಠಲರಾಯರು ಕೋಠಿಯ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್. ಇಡೀ ವಾರ ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಬಿಚ್ಚಿ ಮಾತಾಡಿ ಮನೆಗೆ ಬಂದರೆ ಬಾಯಿ ಬಿಡುತ್ತಿರಲಿಲ್ಲ. ಮನೆಯ ಮುಂದಿನ ಕೋಣೆ ಅವರಿಬ್ಬರದೂ ಆಗಿತ್ತು. ಕಿಟಕಿಯ ಕೆಳಗೆ ಅಕ್ಕಾರ ಹೊಲಿಗೆ ಮಷೀನು, ಬಾಗಿಲ ಪಕ್ಕದಲ್ಲಿ ರಾಯರ ಬೆತ್ತದ ಕುರ್ಚಿ. ಗಲ್ಲಿಯ ಎಲ್ಲ ಹೆಂಗಸರ ಕುಪ್ಪಸ ಆ ಕಿಟಕಿಯ ಕೆಳಗೇ ಹೊಲಿದಾಗುತ್ತಿತ್ತು. ಅಳತೆ ಕೊಡಲು ಬಂದವರು ಮನೆಯ ಕಷ್ಟವನ್ನೂ ಹೇಳಿ ಹೋಗುತ್ತಿದ್ದರು. ಹೀಗಾಗಿ ನಗರಪಾಲಿಕೆಯ ಚುನಾವಣೆ ಬಂದಾಗ ಹೆಂಗಸರೇ ಸೇರಿ ಅವರನ್ನು ನಿಲ್ಲಿಸಿದರಂತೆ. ಪಕ್ಷ ಇಲ್ಲ, ಬಾವುಟ ಇಲ್ಲ. ಗುರುತಿಗೆ ಹೊಲಿಗೆ ಮಷೀನು ಕೇಳಿದ್ದರು, ಸಿಕ್ಕಿದ್ದು ಏಣಿ. "ಏಣಿ ಹತ್ತಿ ನಾ ಎಲ್ಲಿಗಿ ಹೋಗ್ಲಿ, ಇಲ್ಲೇ ಇರಾಕಿ" ಅಂತ ಮನೆಮನೆಗೆ ಹೇಳುತ್ತ ಹೋದರು. ಗೆದ್ದದ್ದು ಅವರಿಗೇ ಆಶ್ಚರ್ಯ.

ನಾನು ಬರುವ ಹೊತ್ತಿಗೆ ಅವರಿಗೆ ಒಂದು ಅಭ್ಯಾಸ ಬಲಿತಿತ್ತು. ತಾವು ಕಣ್ಣಾರೆ ನೋಡಿದ್ದನ್ನು ಹಾಗೇ ಹೇಳುವುದು, ಕೇಳಿಕೊಂಡು ಬಂದದ್ದಕ್ಕೆ 'ಅಂತ' ಸೇರಿಸುವುದು. ಮೂರು ಭಾಷೆಯಲ್ಲೂ ಅದಕ್ಕೆ 'ಅಂಟ', 'ಕತೇ', 'ಅಂತ' ಎಂದು ಒಂದೊಂದು ಬಾಲ ಇತ್ತು, ಅವರು ಒಂದರಲ್ಲೂ ಬಿಡುತ್ತಿರಲಿಲ್ಲ. ಪೈಪು ಒಡೆದಿದೆ ಅಂದರೆ ತಾವೇ ಹೋಗಿ ನೀರು ಚಿಮ್ಮುವುದನ್ನು ನೋಡಿ ಬಂದಿದ್ದಾರೆ ಎಂದರ್ಥ. ಒಡೆದಿದೆಯಂತೆ ಅಂದರೆ ಬಲ್ದಿಯಾದ ಆಫೀಸಿನಲ್ಲಿ ಯಾರೋ ಹೇಳಿದ್ದಾರೆ. ಆ ಊರಿನಲ್ಲಿ ನಗರಪಾಲಿಕೆಗೆ ಎಲ್ಲರೂ ಬಲ್ದಿಯಾ ಅನ್ನುವುದು.

ಈ ಅಭ್ಯಾಸ ಬಂದದ್ದು ಎದುರು ಸಾಲಿನ ಬಿಲ್ಕಿಸ್ ಬೀಯ ಮನೆಯ ಮದುವೆಯಿಂದ. ಬಿಲ್ಕಿಸ್ ಬೀ ಗಂಡನನ್ನು ಕಳೆದುಕೊಂಡ ಮೇಲೆ ಮನೆಯಲ್ಲೇ ಅರಗಿನ ಬಳೆಗೆ ಹರಳು ಕೂಡಿಸುತ್ತ ಮಕ್ಕಳನ್ನು ಸಾಕಿದಾಕೆ. ಅಕ್ಕಾರು ಹೊಸದಾಗಿ ಕಾರ್ಪೊರೇಟರಾದಾಗ ಬರುವ ಬುಧವಾರ ಗಲ್ಲಿಗೆ ಡಾಂಬರು ಬೀಳುತ್ತದೆಂದು ಕಟ್ಟೆಯ ಮೇಲೆ ಸಾರಿಬಿಟ್ಟಿದ್ದರು. ಆಫೀಸಿನಲ್ಲಿ ಹಾಗೆ ಹೇಳಿದ್ದರು, ಇವರು ನಂಬಿ ಬಂದಿದ್ದರು. ಬಿಲ್ಕಿಸ್ ಬೀ ಮಗಳ ನಿಕಾಹ್‌ಗೆ ಮನೆ ಮುಂದೆ ಹಾಕಬೇಕಿದ್ದ ಚಪ್ಪರವನ್ನು ಡಾಂಬರಿಗೆ ಅಂಜಿ ಪಕ್ಕದ ಗಲ್ಲಿಯಲ್ಲಿ ಹಾಕಿಸಿದಳು. ಬೀಗರು ದಾರಿ ತಪ್ಪಿ ಕೋಠಿಯೆಲ್ಲ ಸುತ್ತಿದರು. ಡಾಂಬರು ಬರಲಿಲ್ಲ. ಮುಂದಿನ ಭಾನುವಾರ ಅಕ್ಕಾರು ಕಟ್ಟೆ ಹತ್ತಿ, ನೋಡದೇ ಇದ್ದದ್ದನ್ನು ನೋಡಿದ ಹಾಗೆ ಹೇಳಿದೆ, ತಪ್ಪಾಯ್ತು ಅಂತ ಮೂರೂ ಭಾಷೆಯಲ್ಲಿ ಹೇಳಿದರಂತೆ. ಆದರೂ ಬಿಲ್ಕಿಸ್ ಬೀ ಬಿಡಲಿಲ್ಲ. ಎದುರಿಗೆ ಸಿಕ್ಕಾಗಲೆಲ್ಲ ಬಳೆಯಿಂದ ತಲೆ ಎತ್ತದೇ, ಡಾಂಬರು ಬಂತಾ ಆಪಾ, ಅಂತ ಕೇಳುತ್ತಿದ್ದಳು. ಡಾಂಬರು ನಿಜವಾಗಿಯೂ ಬಿದ್ದು ಎಷ್ಟೋ ಕಾಲವಾದ ಮೇಲೂ ಕೇಳುತ್ತಿದ್ದಳು. ಅಕ್ಕಾರು ನಗುತ್ತಿದ್ದರು.

ಒಂದು ಸಲ ಗಲ್ಲಿಯ ತುದಿಯ ಬೋರ್‌ವೆಲ್ಲಿಗೆ ಪಂಪು ಕೂಡಿಸಿದಾಗ ದೊಡ್ಡ ನಾಯಕರೊಬ್ಬರು ಬಂದರು. ಹೂವಿನ ಹಾರ, ಮೈಕು, ನಾಲ್ಕು ಕುರ್ಚಿ, ಎಲ್ಲ ಅವರ ಕಡೆಯವರೇ ತಂದಿದ್ದರು. ಸ್ವಾಗತ ಹೇಳಿ, ಪಂಪಿನ ಬಗ್ಗೆ ಎರಡು ಮಾತು ಆಡಿ ಎಂದು ಅಕ್ಕಾರ ಕೈಗೆ ಮೈಕು ಕೊಟ್ಟರು. ಅಕ್ಕಾರು ಒಮ್ಮೆ ಕೆಮ್ಮಿ, ಈ ವಾರ ಏನೇನು ಆಗಿಲ್ಲವೆಂದು ಶುರು ಮಾಡಿದರು. ಹಿಂದಿನ ಗಲ್ಲಿಯ ಗಟಾರ, ಶಾಲೆಯ ಮುಂದಿನ ಕಂಬದ ಲೈಟು, ಔಷಧಿ ಅಂಗಡಿಗಳವರು ಎಸೆಯುವ ರಟ್ಟಿನ ರಾಶಿ. ನಾಯಕರು ಮೊದಲು ನಕ್ಕರು, ಆಮೇಲೆ ಗಡಿಯಾರ ನೋಡಿದರು. ತೆಲುಗು ಮುಗಿದು ಉರ್ದು ಶುರುವಾಗುವಷ್ಟರಲ್ಲಿ ಕಾರು ಹತ್ತಿದರು. ಪಂಪಿನ ವಿಷಯಕ್ಕೆ ಅಕ್ಕಾರು ಬಂದಾಗ ಕುರ್ಚಿಗಳೂ ಹೋಗಿದ್ದವು. ಆ ಸಂಜೆ ವಿಠ್ಠಲರಾಯರು ಅಪರೂಪಕ್ಕೆ ಬಾಯಿ ಬಿಟ್ಟು, "ಆದದ್ದು ಮೊದ್ಲ ಹೇಳಿದ್ರ ಪಾಪ, ಚಾ ಕುಡದು ಹೋಗ್ತಿದ್ದ" ಅಂದರಂತೆ. ಇದನ್ನು ಅಕ್ಕಾರೇ ನನಗೆ ಹೇಳಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದರು.

ಅವರ ಅವಧಿ ಮುಗಿಯುತ್ತ ಬಂದಾಗ ರಸ್ತೆ ಅಗಲ ಮಾಡುವ ಸುದ್ದಿ ಬಂತು. ನಮ್ಮ ಗಲ್ಲಿ ಎರಡು ದೊಡ್ಡ ರಸ್ತೆಗಳ ನಡುವಿನದು. ಅದು ಅಗಲವಾದರೆ ಕೋಠಿಯ ಗದ್ದಲ ಸ್ವಲ್ಪ ಕಡಿಮೆಯಾಗುತ್ತದೆ ಎಂದು ಮೇಲಿನವರು ತೀರ್ಮಾನ ಮಾಡಿದ್ದರು. ಅದನ್ನು ನಿಲ್ಲಿಸಲು ಅಕ್ಕಾರು ಓಡಾಡಿದ್ದರು, ಅದು ಆಗಲಿಲ್ಲವೆಂದೂ ಕಟ್ಟೆಯ ಮೇಲೆ ಹೇಳಿದ್ದರು. ಉಳಿದದ್ದು ಒಂದೇ ಪ್ರಶ್ನೆ, ಯಾವ ಕಡೆಯಿಂದ ತೆಗೆಯುವುದು. ಒಂದೇ ಸಾಲಿನ ಮುಂಭಾಗ ಪೂರ್ತಿ ತೆಗೆದರೆ ಕೆಲಸ ಸಲೀಸು, ಇನ್ನೊಂದು ಸಾಲು ಹಾಗೇ ಉಳಿಯುತ್ತದೆ. ಎಂಜಿನಿಯರು ಕಾರ್ಪೊರೇಟರ ಅಭಿಪ್ರಾಯ ಕೇಳುತ್ತಾರೆ ಎಂಬ ಮಾತು ಹೇಗೋ ನಮ್ಮ ಸಾಲಿಗೆ ತಿಳಿಯಿತು. ಅಕ್ಕಾರ ಮನೆ ಇದ್ದದ್ದು ನಮ್ಮ ಸಾಲಿನಲ್ಲೇ.

ಶನಿವಾರ ಸಂಜೆ ನಮ್ಮ ಸಾಲಿನವರೆಲ್ಲ ಅವರ ಮುಂದಿನ ಕೋಣೆಯಲ್ಲಿ ಸೇರಿದರು. ನಮ್ಮ ಮನೆಯ ಮಾಲೀಕರು, ನಮ್ಮ ಮನೆಯವರು, ಇನ್ನೂ ಕೆಲವರು. ನಾನು ಒಳಬಾಗಿಲ ಹತ್ತಿರ ನಿಂತಿದ್ದೆ. ನೀವು ನಮ್ಮವರು, ಎದುರು ಸಾಲು ಅಂತ ಒಂದು ಮಾತು ಹೇಳಿದರೆ ಸಾಕು, ನಿಮ್ಮ ಮನೆಯೂ ಉಳಿಯುತ್ತದೆ ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಅಕ್ಕಾರು ಕುಪ್ಪಸವೊಂದಕ್ಕೆ ಗುಂಡಿ ಹಚ್ಚುತ್ತ ಎಲ್ಲ ಕೇಳಿಸಿಕೊಂಡರು. ವಿಠ್ಠಲರಾಯರು ಬೆತ್ತದ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು. ಕೊನೆಗೆ ಅಕ್ಕಾರು ದಾರ ಹಲ್ಲಿನಲ್ಲಿ ಕಡಿದು, ನಾಳೆ ಕಟ್ಟೆ ಮೇಲೆ ಹೇಳ್ತೀನಿ ಅಂದರು. ಬಂದವರು ಕೆಲಸವಾಯಿತೆಂದೇ ಎದ್ದು ಹೋದರು.

ಭಾನುವಾರ ಎಂದೂ ಸೇರದಷ್ಟು ಜನ. ಎರಡೂ ಸಾಲಿನವರು ಬಂದಿದ್ದರು. ಅಕ್ಕಾರು ಕೆಮ್ಮಲಿಲ್ಲ, ಆಗದ ಕೆಲಸ ಹೇಳಲಿಲ್ಲ.

"ಇವತ್ತ ಒಂದ ಸುದ್ದಿ ಅದ. ನಮ್ಮ ಮನಿಗಳ ಮುಂದಿನ ಗ್ವಾಡಿ ಹೋಗ್ತಾವ. ಹೋಗ್ತಾವಂತ ಅಲ್ಲ, ಹೋಗ್ತಾವ. ಯಾವ ಕಡಿ ತಗೀಬೇಕು ಅಂತ ಮೊನ್ನೆ ಶುಕ್ರವಾರ ನನಗ ಕೇಳಿದ್ರು. ನಂದೂ ಮನಿ ಇಲ್ಲೇ ಅದ, ನಾ ಒಂದ ಕಡಿ ಹೆಸರ ಹೇಳಂಗಿಲ್ಲ ಅಂದೆ. ತಗೋಳೋದಿದ್ರ ಎರಡೂ ಕಡಿ ಅರ್ಧ ಅರ್ಧ ತಗೋರಿ, ಮೊದ್ಲ ನಮ್ಮ ಮನಿಗಿ ಕೈ ಹಚ್ಚರಿ ಅಂತ ಹೇಳಿ ಬಂದೀನಿ."

ಹಿಂದಿನ ದಿನ ನಮ್ಮ ಸಾಲಿನವರು ಅವರ ಮನೆಗೆ ಹೋಗಿದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೂರು ಭಾಷೆಯಲ್ಲೂ ಅಷ್ಟೇ ಹೇಳಿ ನಿಂತರು. ಎಲ್ಲರೂ ಒಟ್ಟಿಗೇ ಕೂಗಿದರು. ವೋಟು ಹಾಕಿದ್ದಕ್ಕೆ ಒಳ್ಳೆ ಉಪಕಾರ ಮಾಡಿದಿರಿ ಎಂದು ನಮ್ಮ ಸಾಲಿನವರು. ತನ್ನ ಮನೆ ಅರ್ಧ ಉಳಿಸಿಕೊಳ್ಳಲು ನಮ್ಮ ಮನೆ ಅರ್ಧ ಕೊಟ್ಟಳು ಎಂದು ಎದುರು ಸಾಲಿನವರು. ಬಿಲ್ಕಿಸ್ ಬೀ ಬಾಗಿಲು ಹಾಕಿಕೊಂಡಳು. ನಮ್ಮ ಮನೆಯವರು ನನ್ನ ರಟ್ಟೆ ಹಿಡಿದು ಒಳಗೆ ನಡೆ ಅಂದರು. ಹೋಗುವಾಗ ನೋಡಿದೆ, ವಿಠ್ಠಲರಾಯರು ಕರೆಂಟು ಕಂಬದ ಹತ್ತಿರ ತರಕಾರಿ ಚೀಲ ಹಿಡಿದು ನಿಂತಿದ್ದರು. ಹೆಂಡತಿಯ ಕಡೆ ನೋಡದೆ, ನಿಧಾನಕ್ಕೆ ಮನೆಯ ಕಡೆ ತಿರುಗಿದರು.

ಬಲ್ದಿಯಾದವರು ಬಂದು ಗೋಡೆಗಳ ಮೇಲೆ ಕೆಂಪು ಗೆರೆ ಎಳೆದು ಹೋದರು. ಕೆಲವು ದಿನಗಳಲ್ಲಿ ಗುದ್ದಲಿ, ಹಾರೆ ಬಂದವು. ಅಕ್ಕಾರು ಹೇಳಿದ ಹಾಗೇ ಮೊದಲು ಬಿದ್ದದ್ದು ಅವರ ಗೋಡೆ. ಕಿಟಕಿ ಹೋಯಿತು, ಕೋಣೆಯಲ್ಲಿ ಉಳಿದದ್ದು ಒಂದು ಮಂಚ ಹಾಕುವಷ್ಟೂ ಇರಲಿಲ್ಲ. ಹೊಲಿಗೆ ಮಷೀನು ಅಡುಗೆಮನೆಯ ಪಕ್ಕದ ಕತ್ತಲಿಗೆ ಹೋಯಿತು, ಹಗಲಲ್ಲೂ ಬಲ್ಬು ಹಚ್ಚಿ ಹೊಲಿಯಬೇಕು. ಬೆತ್ತದ ಕುರ್ಚಿಗೆ ಎಲ್ಲೂ ಜಾಗವಾಗದೆ ಹಿತ್ತಲ ಬಾಗಿಲಲ್ಲಿ ಇಟ್ಟರು. ಗಲ್ಲಿಯ ಉದ್ದಕ್ಕೂ ಧೂಳು, ಇಟ್ಟಿಗೆಯ ಚೂರು. ಗಿರಣಿಯ ಕಟ್ಟೆಯೂ ಹೋಯಿತು.

ಅದರ ಮುಂದಿನ ಭಾನುವಾರ ಅಕ್ಕಾರು ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಬಂದರು. ಕಟ್ಟೆ ಇದ್ದ ಜಾಗದಲ್ಲಿ ನೆಲದ ಮೇಲೆಯೇ ನಿಂತರು. ಎರಡೂ ಸಾಲಿನ ಬಾಗಿಲು ಹಾಕಿದ್ದವು. ನನಗೆ ತಡೆಯಲಾಗಲಿಲ್ಲ. ನಮ್ಮ ಮನೆಯವರು ಸ್ನಾನಕ್ಕೆ ಹೋದದ್ದು ನೋಡಿ ಹೊರಗೆ ಬಂದೆ. ಕರೆಂಟು ಕಂಬದ ಹತ್ತಿರ ವಿಠ್ಠಲರಾಯರು ಇದ್ದರು. ಕೇಳುವವರು ನಾವಿಬ್ಬರೇ, ಇಬ್ಬರೂ ಕನ್ನಡದವರು. ಆದರೂ ಅಕ್ಕಾರು ತೆಲುಗಿನಲ್ಲೇ ಶುರು ಮಾಡಿದರು. ಈ ವಾರ ಆಗದೇ ಉಳಿದದ್ದು ಇಂಥಿಂಥದು. ಕಿತ್ತುಹೋದ ನಳದ ಪೈಪನ್ನು ಎರಡು ದಿನದಲ್ಲಿ ಜೋಡಿಸುತ್ತಾರಂತೆ, ಅಲ್ಲಿಯವರೆಗೆ ಟ್ಯಾಂಕರ್ ಬರುತ್ತದಂತೆ. ಆಮೇಲೆ ಉರ್ದು, ಆಮೇಲೆ ಕನ್ನಡ. ದನಿ ಸ್ವಲ್ಪವೂ ತಗ್ಗಿಸಲಿಲ್ಲ. ಹಾಕಿದ ಬಾಗಿಲುಗಳ ಹಿಂದೆ ಮಾತು ನಿಂತದ್ದು ನನಗೆ ಗೊತ್ತಾಗುತ್ತಿತ್ತು. ಟ್ಯಾಂಕರ್ ಬಂದಾಗ ಎಲ್ಲ ಮನೆಯ ಕೊಡಗಳೂ ಮೊದಲೇ ಹೊರಗೆ ಸಾಲಾಗಿ ನಿಂತಿದ್ದವು.

ಹಾಗೆ ಎಷ್ಟೋ ಭಾನುವಾರ ನಡೆಯಿತು. ಮೊದಲು ಬಾಗಿಲು ತೆರೆದದ್ದು ಬಿಲ್ಕಿಸ್ ಬೀ. ಹೊಸ ಗಟಾರ ಕಟ್ಟಿದವರು ತನ್ನ ಮನೆಯ ನೀರಿಗೆ ದಾರಿ ಬಿಟ್ಟಿಲ್ಲವೆಂದು ಜಗಳ ತೆಗೆಯಲು ಬಂದಳು. ಅಕ್ಕಾರು ಅವಳ ಜೊತೆ ಹೋಗಿ ಗಟಾರದ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದರು. ನೋಡಿ ಬಂದು, ದಾರಿ ಬಿಟ್ಟಿಲ್ಲ, ಅಂದರು. 'ಅಂತ' ಸೇರಿಸಲಿಲ್ಲ. ಆ ಮೇಲೆ ಒಬ್ಬೊಬ್ಬರೇ ಬಂದರು. ಕೆಲವರು ಕೊನೆಯವರೆಗೂ ಬರಲಿಲ್ಲ.

ಅವಧಿ ಮುಗಿಯಿತು. ಮತ್ತೆ ಚುನಾವಣೆ ಬರಲಿಲ್ಲ. ಇವತ್ತು, ನಾಳೆ ಎನ್ನುತ್ತ ವರ್ಷಗಳೇ ಹೋದವು. ಬಲ್ದಿಯಾವನ್ನು ಅಧಿಕಾರಿಗಳೇ ನಡೆಸಿದರು. ಅಕ್ಕಾರಿಗೆ ಈಗ ಹುದ್ದೆಯಿಲ್ಲ, ಆಫೀಸಿನಲ್ಲಿ ಕುರ್ಚಿಯಿಲ್ಲ. ಆದರೆ ನಳದಲ್ಲಿ ಮಣ್ಣು ನೀರು ಬಂದರೆ ಜನ ಹೋಗುವುದು ಅವರ ಮನೆಗೇ. ಅವರು ಟೇಪು ಕೊರಳಿಂದ ತೆಗೆದಿಟ್ಟು ಬಸ್ಸು ಹಿಡಿದು ಬಲ್ದಿಯಾದ ಆಫೀಸಿಗೆ ಹೋಗಿ, ಹೊರಗಿನ ಬೆಂಚಿನಲ್ಲಿ ಸರದಿ ಕಾಯ್ದು ಬರುತ್ತಿದ್ದರು. ಸುದ್ದಿ ಬರಬರುತ್ತ ಸಣ್ಣದಾಯಿತು. ಒಂದು ಭಾನುವಾರ, ಈ ವಾರ ನನಗ ಒಳಗ ಬಿಡಲಿಲ್ಲ, ಅಷ್ಟೇ ಸುದ್ದಿ, ಅಂತ ಹೇಳಿ ಹೋದರು. ನಾವು ಕೇಳುತ್ತಿದ್ದವರು ಅದನ್ನೂ ಮೂರು ಭಾಷೆಯಲ್ಲಿ ಕೇಳಿಸಿಕೊಂಡೆವು.

ನಮ್ಮ ಮನೆಯವರು ಕೂಕಟ್‌ಪಲ್ಲಿಯಲ್ಲಿ ಫ್ಲ್ಯಾಟು ಕೊಂಡಾಗ ನಾನು ಕೋಠಿ ಬಿಟ್ಟೆ. ಹೊರಡುವ ದಿನ ಅಕ್ಕಾರು ನನ್ನ ಮಗಳಿಗೆ ಒಂದು ಫ್ರಾಕು ಹೊಲಿದುಕೊಟ್ಟರು. ಕತ್ತಲಲ್ಲಿ ಹೊಲಿದದ್ದು, ಅಂಚು ಸ್ವಲ್ಪ ವಾರೆಯಾಗಿತ್ತು. ಹೊಸ ಜಾಗದಲ್ಲಿ ಮೂರು ಮಹಡಿ, ಕೆಳಗೆ ವಾಚ್‌ಮನ್, ಟ್ಯಾಂಕಿನ ನೀರು. ಎದುರಿನ ಫ್ಲ್ಯಾಟಿನವರ ಹೆಸರು ತಿಳಿಯಲು ನನಗೆ ಒಂದು ಹಬ್ಬ ಬರಬೇಕಾಯಿತು. ಭಾನುವಾರ ಬೆಳಗ್ಗೆ ಕೈ ತಾನೇ ಒಲೆ ಸಣ್ಣಗೆ ಮಾಡಿಬಿಡುತ್ತಿತ್ತು, ಹೊರಗಿನ ದನಿ ಕೇಳಲಿ ಅಂತ. ಹೊರಗೆ ಟಿವಿಗಳ ಸದ್ದು. ಮಗಳ ಶಾಲೆಯ ಪುಸ್ತಕಕ್ಕೆ ಕೋಠಿಗೆ ಹೋದಾಗಲೆಲ್ಲ ಅಕ್ಕಾರನ್ನು ನೋಡಿ ಬರುತ್ತಿದ್ದೆ. ಹಾಗೆ ಒಮ್ಮೆ ಹೋದಾಗ ಗೊತ್ತಾಯಿತು, ವಿಠ್ಠಲರಾಯರು ಹೋಗಿಬಿಟ್ಟಿದ್ದರು. ಅಂಗಡಿಯಲ್ಲಿ ಸೀರೆ ಮಡಿಚುತ್ತಿದ್ದವರು ಹಾಗೇ ಗಾದಿಗೆ ಒರಗಿದರಂತೆ. ಅಕ್ಕಾರು ಇದಕ್ಕೂ 'ಅಂತ' ಸೇರಿಸಿ ಹೇಳಿದರು. ತಾವು ಅಲ್ಲಿ ಇರಲಿಲ್ಲ.

ಕೊನೆಗೆ ಚುನಾವಣೆ ಬಂತು. ಅಷ್ಟು ಹೊತ್ತಿಗೆ ಅಕ್ಕಾರಿಗೆ ಮಂಡಿ ನೋವು, ಕಣ್ಣಿಗೆ ದಪ್ಪ ಕನ್ನಡಕ. ಅವರು ನಿಲ್ಲಲಿಲ್ಲ. ಫಲಿತಾಂಶ ಬಂದ ಮೇಲೆ ನಾನು ಹೋದಾಗ ಶಾಯಿಯ ಬೆರಳು ತೋರಿಸಿ ಸಂಭ್ರಮಪಟ್ಟರು. ಗೆದ್ದ ಹುಡುಗನ ಮನೆಗೆ ತಾವೇ ಹೋಗಿ, ಯಾವ ಪೈಪು ಎಲ್ಲಿ ಹೋಗಿದೆ, ಯಾವ ಗಟಾರ ಎಲ್ಲಿ ಕಟ್ಟುತ್ತದೆ ಎಂದೆಲ್ಲ ಹೇಳಿ ಬಂದಿದ್ದರು. ಅವನು ಚಹಾ ಕೊಟ್ಟು, ಸ್ವಲ್ಪ ಕೇಳಿ, ಫೋನು ಬಂತೆಂದು ಎದ್ದನಂತೆ. ನನಗೆ ಬೇಜಾರಾಯಿತು. "ಹೊಸದಾಗಿ ಬಂದಾನ ತಂಗಿ, ಕೇಳ್ತಾನ" ಅಂದರು ಅಕ್ಕಾರು.

ಹಿತ್ತಲ ಬಾಗಿಲಲ್ಲಿ ಬೆತ್ತದ ಕುರ್ಚಿ ಹಾಗೇ ಇತ್ತು. ನಾನು ಅದರಲ್ಲಿ ಕೂರಲು ಹೋಗಿ, ಏನೋ ಅನಿಸಿ, ನೆಲದ ಮೇಲೆ ಕೂತೆ. ಅಕ್ಕಾರು ನೋಡಿದರು. ತಾವಾಗಿಯೇ ಶುರು ಮಾಡಿದರು.

"ಮುಂದಿನ ಖೋಲಿ ಹೋಯ್ತಂತ ನನಗೇನೂ ಇಲ್ಲ ತಂಗಿ. ಆದ್ರ ಆ ಸುದ್ದಿ ಅವರಿಗಿ ನಾ ಮನ್ಯಾಗ ಮೊದ್ಲ ಹೇಳಬೇಕಿತ್ತು. ಶುಕ್ರವಾರ ಹೇಳಲಿಲ್ಲ, ಶನಿವಾರ ಹೇಳಲಿಲ್ಲ. ಹೇಳಿದ್ರ ಬ್ಯಾಡ ಅಂತಾರೋ ಏನೋ ಅಂತ ಅಂಜಿದೆ. ಅವರು ಎಲ್ಲಾರ ಜೋಡಿ ರಸ್ತೆದಾಗ ನಿಂತು ಕೇಳಿದ್ರು. ಒಂದಿನಾನೂ ಯಾಕ ಹಿಂಗ ಮಾಡಿದಿ ಅಂತ ಕೇಳಲಿಲ್ಲ. ಕೇಳಿದ್ರ ಚಂದಿತ್ತು."

ನನ್ನ ಮನಸ್ಸಿಗೆ ಬಂದದ್ದು ಆ ಇನ್ನೊಂದು ಭಾನುವಾರ. ಗೋಡೆ ಬಿದ್ದ ಮೇಲೆ, ಯಾರೂ ಬರದೇ ಇದ್ದ ದಿನ, ರಾಯರು ಬಂದು ಕಂಬದ ಹತ್ತಿರ ನಿಂತಿದ್ದರಲ್ಲ ಅಂದೆ. ಮೂರೂ ಭಾಷೆ ಮುಗಿಯುವ ತನಕ ನಿಂತಿದ್ದರು, ನಾನು ನೋಡಿದ್ದೇನೆ ಅಂದೆ.

ಅಕ್ಕಾರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು.

"ಹೌದಲ್ಲ," ಅಂದರು. "ನಿಂತಿದ್ರು. ಅವರಿಗಿ ಉರ್ದು ಭಾಷಣ ಅಂದ್ರ ಬ್ಯಾಸರ. ಆದ್ರೂ ನಿಂತಿದ್ರು."

ಆಮೇಲೆ ಎದ್ದು ಚಹಾಕ್ಕೆ ಇಟ್ಟರು. ಮತ್ತೆ ಆ ಮಾತು ಬರಲಿಲ್ಲ. ಆದರೆ ಕುಡಿಯುವಾಗ ಕುರ್ಚಿಯನ್ನು ಎಳೆದು ತಂದು, ಕೂಡು, ಮುರಿಯಂಗಿಲ್ಲ, ಅಂತ ನನ್ನನ್ನು ಅದರಲ್ಲೇ ಕೂರಿಸಿದರು.

ಆ ಮಳೆಗಾಲದಲ್ಲೇ ಅವರು ತೀರಿಕೊಂಡರು. ಬಿಲ್ಕಿಸ್ ಬೀ ಮಗನ ಕೈಯಿಂದ ಫೋನು ಮಾಡಿಸಿ ಹೇಳಿದಾಗ ದಿವಸದ ಕಾರ್ಯಗಳೂ ಮುಗಿದಿದ್ದವು. ನಾನು ಹೋದೆ. ಮನೆಗೆ ಬೀಗ. ಬಿಲ್ಕಿಸ್ ಬೀ ನನ್ನನ್ನು ಒಳಗೆ ಕರೆದು ಕೂರಿಸಿ, ಬಳೆಯ ಹರಳು ಕೂಡಿಸುತ್ತಿದ್ದಳು. ಗಲ್ಲಿಗೆ ಈಗ ಯಾವಾಗ ಏನಾಗುತ್ತದೋ ಯಾರಿಗೂ ಗೊತ್ತಾಗುವುದಿಲ್ಲ ಅಂದಳು. ಹೊರಗೆ ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಿದ್ದವು.

ಆ ಕೊನೆಯ ಭೇಟಿಯ ದಿನ, ಕುರ್ಚಿಯಲ್ಲಿ ಕೂರಿಸಿ ಚಹಾ ಕೊಟ್ಟ ಮೇಲೆ, ಅಕ್ಕಾರು ನನ್ನನ್ನು ಬಸ್‌ಸ್ಟಾಪಿನವರೆಗೆ ಕಳಿಸಲು ಬಂದಿದ್ದರು. ಬೇಡವೆಂದರೂ ಕೇಳದೆ ಮಂಡಿ ಹಿಡಿದುಕೊಂಡು ನಡೆದು ಬಂದರು. ಕೂಕಟ್‌ಪಲ್ಲಿಯ ಬಸ್ಸು ಎಷ್ಟು ಹೊತ್ತಾದರೂ ಇಲ್ಲ. ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು. ಅಕ್ಕಾರು ಸ್ವಲ್ಪ ಹೊತ್ತು ಕಾಯ್ದು, ಸೆರಗು ಎರಡೂ ಭುಜದ ಮೇಲೆ ಎಳೆದುಕೊಂಡು, ಆಚೆ ಕಡೆ ಕಂಟ್ರೋಲರ್ ಕೂತಿದ್ದ ಗೂಡಿನ ತನಕ ಹೋಗಿ ಕೇಳಿ ಬಂದರು. ಬಂದು ನನಗೆ ಹೇಳುತ್ತಾರೆಂದುಕೊಂಡೆ. ಅವರು ಸಾಲಿನ ಮುಂದೆ ನಿಂತು, ಮೊದಲು ತೆಲುಗಿನಲ್ಲಿ, ಆಮೇಲೆ ಉರ್ದುವಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ದಾರಿಯಲ್ಲಿ ಒಂದು ಬಸ್ಸು ಕೆಟ್ಟು ನಿಂತಿದೆಯಂತೆ, ಹಿಂದಿನದು ಹೊರಟಿದೆಯಂತೆ. ಜನ ಇವರು ಯಾರೆಂದು ನೋಡಿದರು. ಒಬ್ಬ ಮುದುಕರು ಕೈ ಎತ್ತಿ ಸಲಾಮು ಮಾಡಿದರು. ಕೊನೆಗೆ ನನ್ನ ಕಡೆ ತಿರುಗಿ, "ಈಗ ಬರ್ತದಂತ ತಂಗಿ" ಅಂದರು.

ಬಸ್ಸು ಬಂತು. ನೂಕುನುಗ್ಗಲಿನಲ್ಲಿ ಹತ್ತಿ, ಕಿಟಕಿಯ ಹತ್ತಿರ ಜಾಗ ಹಿಡಿದು ಹೊರಗೆ ನೋಡಿದೆ. ಕೈ ಬೀಸಬೇಕೆಂದಿದ್ದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಓಡಿ ಬಂದು ಬಸ್ಸು ತಪ್ಪಿಸಿಕೊಂಡ ಒಬ್ಬ ಹೆಂಗಸಿನ ಹೆಗಲ ಮೇಲೆ ಕೈ ಇಟ್ಟು, ಮುಂದಿನದು ಯಾವಾಗ ಅಂತ ಹೇಳುತ್ತಿದ್ದರು.